ಮಣ್ಣಿನ ರುಚಿ ಬಲ್ಲವಳು

ಕೋಕ್-ಓಝೆಕ್ ಊರಿಗೆ ಕಾಲುವೆಯ ನೀರು ಎಲ್ಲರಿಗಿಂತ ಕೊನೆಗೆ ಬರುತ್ತದೆ. ಅಮು ನದಿಯಿಂದ ಹೊರಟ ನೀರು ಇಪ್ಪತ್ತೆರಡು ಊರುಗಳ ಬಾಯಾರಿಕೆ ಕಳೆದು, ಉಳಿದದ್ದನ್ನು ಹೊತ್ತು ಏದುಸಿರು ಬಿಡುತ್ತ ಇಲ್ಲಿಗೆ ತಲುಪುವ ಹೊತ್ತಿಗೆ ಅದರ ಬಣ್ಣವೂ ಬೇರೆ, ರುಚಿಯೂ ಬೇರೆ. ಇದರಾಚೆ ಊರಿಲ್ಲ. ಜಿಂಗಿಲ್ ಪೊದೆ, ಬಿಳಿಚಿಕೊಂಡ ನೆಲ, ಅದರಾಚೆಗೆ ಒಂದು ಕಾಲದಲ್ಲಿ ಸಮುದ್ರವಿದ್ದ ದಿಕ್ಕು.

ಈ ಊರಿನಲ್ಲಿ ಅರ್ಜಾಯಿಮ್ ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು, ಉಗುಳಿ, "ಆಗಬಹುದು" ಎನ್ನದೆ ಯಾರೂ ನೆಲಕ್ಕೆ ಬೀಜ ಹಾಕುತ್ತಿರಲಿಲ್ಲ. ಮೂವತ್ತು ವರ್ಷದಿಂದ ನಡೆದುಬಂದ ಪದ್ಧತಿ ಅದು.

ವಿದ್ಯೆ ತಂದೆಯಿಂದ ಬಂದದ್ದು. ನೂರಿಂಬೆತ್ ಮೇಲಿನ ಊರೊಂದರ ನೀರುಗಂಟಿ. ಚಳಿ ಸರಿದು ಹೆಪ್ಪುಗಟ್ಟಿದ ನೆಲ ಸಡಿಲವಾಗುವ ಹೊತ್ತಿಗೆ ಅವನು ಮಗಳನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಹೊಲ ಸುತ್ತಲು ಹೊರಡುತ್ತಿದ್ದ. ಅದು ಸವುಳು ತೊಳೆಯುವ ಕಾಲ. ಹೊಲಕ್ಕೆ ಬದು ಹಾಕಿ, ಸಣ್ಣ ಸಣ್ಣ ಮಡಿ ಮಾಡಿ, ಗೇಣೆತ್ತರ ನೀರು ನಿಲ್ಲಿಸುತ್ತಾರೆ. ನೀರು ಇಂಗಬೇಕು, ಇಂಗುತ್ತ ಉಪ್ಪನ್ನು ಕೆಳಗೆಳೆದುಕೊಂಡು ಹೋಗಿ ಬಸಿಗಾಲುವೆಯಲ್ಲಿ ಹೊರಬೀಳಬೇಕು. ಹೀಗೆ ಮೂರು ನೀರು. "ಮೊದಲನೇದು ಉಪ್ಪನ್ನ ಎಬ್ಬಿಸುತ್ತೆ ಮಗಳೇ, ಎರಡನೇದು ಕೈ ಹಿಡಿದು ನಡೆಸುತ್ತೆ, ಮೂರನೇದು ಬಾಗಿಲಾಚೆ ದಬ್ಬುತ್ತೆ" ಎನ್ನುತ್ತಿದ್ದ ನೂರಿಂಬೆತ್. ಮೂರನೆಯ ನೀರು ಇಂಗಿದ ಮೇಲೆ ಚಿಟಿಕೆ ಮಣ್ಣು ತೆಗೆದು ತನ್ನ ನಾಲಿಗೆಗೊಂದಿಷ್ಟು, ಅವಳ ನಾಲಿಗೆಗೊಂದಿಷ್ಟು ಹಚ್ಚುತ್ತಿದ್ದ. ಏಳು ವರ್ಷ ತುಂಬುವುದರೊಳಗೆ ಅವಳಿಗೆ ರೊಟ್ಟಿಯ ಉಪ್ಪು, ಕಣ್ಣೀರಿನ ಉಪ್ಪು, ಭೇದಿಮದ್ದಿನಂಥ ಕಹಿ ಉಪ್ಪು ಬೇರೆ ಬೇರೆಯಾಗಿ ತಿಳಿಯುತ್ತಿದ್ದವು.

ಹತ್ತೊಂಬತ್ತಕ್ಕೆ ಅವಳನ್ನು ಕೋಕ್-ಓಝೆಕ್‌ನ ಟ್ರ್ಯಾಕ್ಟರ್ ಓಡಿಸುವ ಓತೆನ್ಯಾಜನಿಗೆ ಕೊಟ್ಟರು. ಬಂದ ವರ್ಷವೇ ಅವಳು ತಡೆದ ಹೊಲವೊಂದರಲ್ಲಿ ಹಟ ಮಾಡಿ ಬಿತ್ತಿದವರ ಹತ್ತಿ ನೆಲ ಬಿಟ್ಟು ಏಳಲಿಲ್ಲ. ಅಂದಿನಿಂದ ಅವಳ ಮಾತೇ ಮಾತು. ಓತೆನ್ಯಾಜ್ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ: "ಊರಲ್ಲಿ ಗಂಡಂದಿರೆಲ್ಲ ಹೆಂಡತಿ ನಾಲಿಗೆಗೆ ಹೆದರ್ತಾರೆ. ಅದನ್ನ ನಂಬಿ ಹೊಟ್ಟೆ ಹೊರೆಯೋನು ನಾನೊಬ್ಬನೇ."

ವರ್ಷಗಳು ಉರುಳಿದವು. ನದಿ ಸೊರಗಿತು. ಕಾಲುವೆಯ ನೀರು ತಡವಾಗಿ, ಕಡಿಮೆಯಾಗಿ, ಮೇಲಿನ ಊರುಗಳ ಹೊಲ ತೊಳೆದ ಕೊಳೆ ಸೇರಿಸಿಕೊಂಡು ಬರತೊಡಗಿತು. ಬಾವಿಗಳು ಉಪ್ಪಾದವು. ಇದ್ದಕ್ಕಿದ್ದಂತೆ ಆದದ್ದಲ್ಲ, ಕೂದಲು ನರೆಯುವಷ್ಟು ಮೆಲ್ಲಗೆ ಆಯಿತು. ಹಾಗಾಗಿ ಯಾರೂ ಗಮನಿಸಲಿಲ್ಲ.

ಊರಿನ ತುದಿಯಲ್ಲಿ ಆರು ಹೆಕ್ಟೇರಿನ ಒಂದು ಹೊಲ. ಅಕ್-ಜೇರ್ ಎನ್ನುತ್ತಾರೆ, ಬಿಳಿ ನೆಲ ಎಂದರ್ಥ. ಎರಡು ವಸಂತ ಅರ್ಜಾಯಿಮ್ ಅಲ್ಲಿ ಮಣ್ಣು ಬಾಯಿಗಿಟ್ಟು "ಆಗಬಹುದು" ಎಂದಳು. ಎರಡು ವಸಂತವೂ ಬಿಳಿ ಜೋಳ ಬಿತ್ತಿದರು. ಎರಡು ಸಲವೂ ಅಲ್ಲೊಂದು ಇಲ್ಲೊಂದು ಮೊಳಕೆ ಇಣುಕಿ, ಅಂಚು ಸುಟ್ಟು, ಮುದುರಿ ಹೋಯಿತು. ಮೊದಲ ಸಲ ಬೀಜ ಕೆಟ್ಟದ್ದೆಂದರು. ಎರಡನೆಯ ಸಲ ಚಳಿ ಹೆಚ್ಚಾಯಿತೆಂದರು. ಅವಳ ನಾಲಿಗೆಯನ್ನು ಅನುಮಾನಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅವಳಿಗಂತೂ ಇಲ್ಲವೇ ಇಲ್ಲ.

ಮೂರನೆಯ ವಸಂತದ ಹೊಸ್ತಿಲಲ್ಲಿ ಒಕ್ಕಲು ಸಂಘದ ಅಧ್ಯಕ್ಷ ಸಾರ್ಸೆನ್‌ಬಾಯ್ ಅವಳ ಮನೆಗೆ ಬಂದು, ರೊಟ್ಟಿ ತಿಂದು ಚಹಾ ಕುಡಿದು, ಟೋಪಿ ತಿರುವುತ್ತ ಕೂತ. ಹಿರಿಯ ಹೆಂಗಸರನ್ನು ಅಲ್ಲಿ 'ಅಪಾ' ಎಂದು ಕರೆಯುತ್ತಾರೆ.

"ಅಪಾ, ನಿಮ್ಮೆದುರು ಈ ಮಾತು ಆಡೋಕೆ ನನಗೆ ನಾಲಿಗೆ ಬರ್ತಿಲ್ಲ."

"ಇಷ್ಟು ರೊಟ್ಟಿ ತಿಂದೆಯಲ್ಲ, ಆಗ ಬಂತಲ್ಲ. ಹೇಳು."

"ನೀರು ಸಾಲ್ತಿಲ್ಲ. ಮೇಲಿನ ಊರಿನವರು ಕೇಳ್ತಾರೆ, ಸತ್ತ ಹೊಲಕ್ಕೆ ಯಾಕೆ ನೀರು ಅಂತ. ಈ ಸಲವೂ ಅಕ್-ಜೇರ್ ಹಸಿರಾಗಲಿಲ್ಲ ಅಂದ್ರೆ ಕೊನೇ ತೂಬಿಗೆ ಬೀಗ ಹಾಕಬೇಕಾಗುತ್ತೆ. ಬಿತ್ತಿದ ಹನ್ನೆರಡನೇ ದಿನ ಬಂದು ನೋಡ್ತೀನಿ."

ಕೊನೆಯ ತೂಬೆಂದರೆ ಒಂದು ಹೊಲದ ಮಾತಲ್ಲ. ಅದರ ನೀರಿನಿಂದಲೇ ತುದಿಯ ಹನ್ನೊಂದು ಮನೆಗಳ ಕೊಳ ತುಂಬುತ್ತಿತ್ತು. ಅದರಿಂದಲೇ ಅವರ ಕಲ್ಲಂಗಡಿ ಬಳ್ಳಿ, ಹಸುಗಳು, ಅಂಗಳದ ಹಿಪ್ಪುನೇರಳೆ ಮರ. ಬೀಗ ಬಿದ್ದರೆ ಹನ್ನೊಂದು ಮನೆಗಳೂ ಗಂಟುಮೂಟೆ ಕಟ್ಟಬೇಕು. ಅರ್ಜಾಯಿಮಳ ಮನೆ ಹನ್ನೊಂದರಲ್ಲಿ ಕೊನೆಯದು.

"ಹಸಿರಾಗುತ್ತೆ" ಎಂದಳು ಅವಳು.

ಸವುಳು ತೊಳೆಯುವ ನೀರು ಬಿಟ್ಟ ವಾರವೇ ಮಗ ಪರಾಖತನ ಮದುವೆಯಾಯಿತು. ಸೊಸೆ ಶಿನಾರ್ ತೋರ್ತ್‌ಕುಲ್ ಕಡೆಯವಳು, ನದಿಯ ಮೇಲ್ದಂಡೆಯವಳು. ಹೊಸ ಸೊಸೆ ಅತ್ತೆ ಮಾವಂದಿರೆದುರು ದನಿ ಎತ್ತಬಾರದು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹಾಲು ಹಾಕಿದ ಚಹಾ ಮಾಡಿ, ತಲೆ ಬಗ್ಗಿಸಿ, ಎಡಗೈ ಎದೆಗಿಟ್ಟು ಬಟ್ಟಲು ಕೊಡಬೇಕು. ಶಿನಾರ್ ಅದನ್ನೆಲ್ಲ ಚೆನ್ನಾಗಿಯೇ ಮಾಡುತ್ತಿದ್ದಳು. ಆದರೆ ತನ್ನ ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗಿಡುತ್ತಿದ್ದಳು. ಒಂದು ವಾರ, ಎರಡು ವಾರ. ಹುಡುಗಿಯ ಕೆನ್ನೆ ಇಳಿಯಿತು.

"ನಮ್ಮ ಚಹಾಪುಡಿ ಉಳಿಸ್ತಿದ್ದಾಳೆ. ಇಂಥ ಸೊಸೆ ಯಾರಿಗುಂಟು!" ಎಂದು ಓತೆನ್ಯಾಜ್ ನಕ್ಕ.

ಅರ್ಜಾಯಿಮ್ ನಗಲಿಲ್ಲ. ಗಂಡಸರು ಹೊರಗೆ ಹೋದ ಮೇಲೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ತವರು ನೆನಪಾಗುತ್ತಾ? ಅಥವಾ ನಮ್ಮ ಹುಡುಗ ಏನಾದ್ರೂ ಅಂದ್ನಾ? ಹೇಳು, ಅವನ ಕಿವಿ ಹಿಂಡೋಕೆ ನನಗಿನ್ನೂ ಕೈಲಾಗುತ್ತೆ."

ಶಿನಾರ್ ತಲೆವಸ್ತ್ರದ ತುದಿ ಹೊಸೆಯುತ್ತ ಕೂತಳು. ಆಮೇಲೆ ಪಿಸುಗುಟ್ಟಿದಳು. "ಬೈಬೇಡಿ ಅಪಾ. ಚಹಾ ಉಪ್ಪಾಗಿರುತ್ತೆ. ಕುಡಿಯೋಕಾಗಲ್ಲ."

"ಅಯ್ಯೋ, ಅಷ್ಟೇನಾ! ನೀನೇ ತಾನೇ ಮಾಡೋದು? ಚಹಾಕ್ಕೆ ಉಪ್ಪು ಹಾಕೋದು ನಮ್ಮ ಕಡೆಯ ರೂಢಿ, ನೀನು ಕಡಿಮೆ ಹಾಕು."

"ನಾನು ಉಪ್ಪು ಹಾಕೋದೇ ಇಲ್ಲ ಅಪಾ. ಬಾವಿ ನೀರೇ ಹಾಗಿದೆ." ಇನ್ನೂ ಮೆಲ್ಲಗೆ ಸೇರಿಸಿದಳು. "ನಾನು ಕೊಟ್ಟ ಮೇಲೆ ನೀವು ಮತ್ತೆ ಹಾಕ್ಕೋತೀರಿ. ದಿನಾ. ಎರಡು ಚಿಟಿಕೆ."

ಅರ್ಜಾಯಿಮಳ ಕೈ ಬಟ್ಟಲ ಮೇಲೆಯೇ ನಿಂತಿತು. ಅದರಲ್ಲಿ ಅರ್ಧ ಚಹಾ ಉಳಿದಿತ್ತು. ಕುಡಿದು ನೋಡಿದಳು. ಸಪ್ಪೆ ಎನಿಸಿತು.

ಅವಳು ಎದ್ದು ಬೂಟು ಮೆಟ್ಟಿದಳು. "ಬಾ ನನ್ನ ಜೊತೆ."

ಅಕ್-ಜೇರ್‌ನಲ್ಲಿ ಮೂರನೆಯ ನೀರು ಇಂಗಿ ಎರಡು ದಿನವಾಗಿತ್ತು. ಹಸಿಮಣ್ಣು ಬಿಸಿಲಿಗೆ ಹೊಳೆಯುತ್ತಿತ್ತು. ಅರ್ಜಾಯಿಮ್ ನಡುಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ನಾಲ್ಕು ಬೆರಳ ಆಳದಿಂದ ಮಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ರೊಟ್ಟಿಯ ಉಪ್ಪಿಗಿಂತ ಕಡಿಮೆ. ಒಳ್ಳೆಯ ಮಣ್ಣು. ಇಲ್ಲಿ ಬಿತ್ತಬಹುದು ಎಂದು ಮೂವತ್ತು ವರ್ಷದ ಅಭ್ಯಾಸ ಹೇಳಿತು. ಅದೇ ಚಿಟಿಕೆಯ ಉಳಿದರ್ಧವನ್ನು ಸೊಸೆಗೆ ಚಾಚಿದಳು.

ಶಿನಾರ್ ಬಾಯಿಗಿಟ್ಟವಳೇ "ಥೂ! ಥೂ!" ಎಂದು ಉಗುಳಿ, ತಲೆವಸ್ತ್ರದಲ್ಲಿ ನಾಲಿಗೆ ಉಜ್ಜಿಕೊಂಡಳು. ಅತ್ತೆಯ ಮುಂದೆ ಹೀಗೆ ಮಾಡಿದೆನೆಂದು ಅರಿವಾಗಿ ಮುಖ ಕೆಂಪಾಯಿತು. "ಕಹಿ ಅಪಾ. ಉಪ್ಪು, ಅದರ ಹಿಂದೆ ಕಹಿ."

ಭೇದಿಮದ್ದಿನ ಉಪ್ಪು. ತಂದೆ ಮೊಟ್ಟಮೊದಲು ಕಲಿಸಿದ್ದು.

ಅರ್ಜಾಯಿಮ್ ಮೂವತ್ತು ವರ್ಷ ಊರ ಬಾವಿಯ ನೀರು ಕುಡಿದಿದ್ದಳು. ನೀರು ಉಪ್ಪಾದಂತೆ ನಾಲಿಗೆಯೂ ಅದರೊಂದಿಗೆ ಹೊಂದಿಕೊಂಡು, ಇಷ್ಟಿಷ್ಟೇ ಮೊಂಡಾಗಿತ್ತು. ಊರಿನ ಎಲ್ಲರ ನಾಲಿಗೆಯೂ ಅದೇ ನೀರಿನದು. ಅವಳದು ತಪ್ಪೆನ್ನಲು ಒಬ್ಬರೂ ಇರಲಿಲ್ಲ. ಎರಡು ವರ್ಷ ಬೀಜವನ್ನೂ ಚಳಿಯನ್ನೂ ಬೈದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಕೈಯಲ್ಲಿದ್ದ ಮಣ್ಣನ್ನು ಕ್ಷಮೆ ಕೇಳುವವಳಂತೆ ಮೆಲ್ಲಗೆ ನೆಲಕ್ಕಿಟ್ಟಳು.

"ಇನ್ನು ಮುಂದೆ ನಾನೇ ರುಚಿ ನೋಡಿ ಹೇಳ್ತೀನಿ ಅಪಾ" ಎಂದಳು ಶಿನಾರ್, ಸಮಾಧಾನಕ್ಕೆ.

"ನಾಲ್ಕು ವರ್ಷ ನಮ್ಮ ನೀರು ಕುಡಿ, ನಿನ್ನ ನಾಲಿಗೇನೂ ನಮ್ಮದೇ ಆಗುತ್ತೆ." ಅರ್ಜಾಯಿಮ್ ಮೊಣಕಾಲು ಹಿಡಿದು ಎದ್ದಳು. "ನಾಲಿಗೆ ಬೇಡ. ಈ ಮಣ್ಣು ತಿನ್ನೋದು ಜೋಳ ತಾನೇ? ಜೋಳವನ್ನೇ ಕೇಳೋಣ."

ಆ ಮಧ್ಯಾಹ್ನ ಮನೆಯ ಹನ್ನೆರಡು ಬಟ್ಟಲುಗಳೂ ಕಪಾಟಿನಿಂದ ಇಳಿದವು. ಹನ್ನೊಂದರಲ್ಲಿ ಅಕ್-ಜೇರ್‌ನ ಹನ್ನೊಂದು ಮಡಿಗಳ ಮಣ್ಣು. ಹನ್ನೆರಡನೆಯದರಲ್ಲಿ ಕಾಲುವೆದಂಡೆಯ ಮರಳುಮಣ್ಣು, ಏಳು ಸಲ ತೊಳೆದದ್ದು. ಒಂದೊಂದರಲ್ಲೂ ಇಪ್ಪತ್ತು ಕಾಳು ಬಿಳಿ ಜೋಳ. ಒಂದೇ ಅಳತೆಯ ನೀರು. ಒಲೆಯ ಪಕ್ಕದಲ್ಲಿ ಸಾಲಾಗಿಟ್ಟು ಹಳೆಯ ಕಂಬಳಿ ಹೊದಿಸಿದರು.

ಓತೆನ್ಯಾಜ್ ಒಳಗೆ ಬಂದು ಚಹಾಕ್ಕೆ ಕೈ ಚಾಚಿ ಸುತ್ತ ನೋಡಿದ. "ಏ ಮುದುಕಿ, ಬಟ್ಟಲೆಲ್ಲಿ?"

"ಮಲಗಿವೆ. ಸದ್ದು ಮಾಡಬೇಡಿ."

"ನಾನೇನು ಬೂಟಲ್ಲಿ ಚಹಾ ಕುಡೀಲಾ?"

"ಪರಾಖತನಪ್ಪಾ, ಐದು ದಿನ ಲೋಟದಲ್ಲಿ ಕುಡಿದ್ರೆ ಪ್ರಾಣ ಹೋಗಲ್ಲ."

ಐದನೆಯ ದಿನ ಕಂಬಳಿ ಸರಿಸಿದರು. ತೊಳೆದ ಮರಳಿನಲ್ಲಿ ಹತ್ತೊಂಬತ್ತು ಮೊಳಕೆ, ಹಸಿರು ಸೂಜಿಗಳಂತೆ ನೆಟ್ಟಗೆ ನಿಂತಿದ್ದವು. ಉಳಿದವುಗಳಲ್ಲಿ ಎರಡು, ಮೂರು; ಒಂದರಲ್ಲಿ ಏನೂ ಇಲ್ಲ. ಅರ್ಜಾಯಿಮ್ ಆ ಬರಿಬಟ್ಟಲಿನ ಕೆಸರಿನಿಂದ ಒಂದು ಕಾಳನ್ನು ಹೆಕ್ಕಿ ಹಲ್ಲಲ್ಲಿ ಕಚ್ಚಿದಳು. ಕಟಕ್ಕೆಂದಿತು. ಐದು ದಿನ ಕೆಸರಲ್ಲಿ ಕೂತ ಕಾಳು ನಡುವಿನಲ್ಲಿ ಇನ್ನೂ ಮೂಟೆಯೊಳಗಿನ ಕಾಳಿನಂತೆ ಗಟ್ಟಿ.

"ನೋಡು ಶಿನಾರ್. ಸುತ್ತ ನೀರಿದೆ, ಕುಡಿಯೋಕೆ ಬಿಟ್ಟಿಲ್ಲ. ನೀರನ್ನ ಉಪ್ಪು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟಿದೆ. ಪಾಪ, ಇದು ಕೊಳದಲ್ಲಿ ಕೂತು ಬಾಯಾರಿ ಸತ್ತಿದೆ."

ನಾಲ್ಕನೆಯ ನೀರು ಬೇಕೆಂದು ಹೇಳಿಕಳಿಸಿದಳು. ಸರದಿ ಮುಗಿದಿದೆ, ಇನ್ನು ಬಿತ್ತನೆಯ ನೀರು ಮಾತ್ರ ಎಂದು ಸಾರ್ಸೆನ್‌ಬಾಯ್‌ನಿಂದ ಉತ್ತರ ಬಂತು. ಅಂದರೆ ಇದೇ ಮಣ್ಣಿನಲ್ಲಿ, ಇದೇ ಉಪ್ಪಿನಲ್ಲಿ ದಾರಿ ಹುಡುಕಬೇಕು.

ಅವಳು ಗಂಡನಿಂದ ಹೊಲದ ಮೂಲೆಯಲ್ಲಿ ಎರಡು ಉದ್ದನೆಯ ಮಣ್ಣಿನ ದಿಂಡು ಎಬ್ಬಿಸಿ, ಕೊಳದಿಂದ ನಾಲ್ಕು ಕೊಡ ನೀರನ್ನು ನಡುವಿನ ಸಾಲಿಗೆ ಸುರಿದು, ದಿನಾ ಹೋಗಿ ನೋಡುತ್ತಿದ್ದಳು. ಮೂರನೆಯ ದಿನ ದಿಂಡಿನ ನೆತ್ತಿಯ ಮೇಲೆ ಹಳೆಯ ಗೋಡೆಗೆ ಬರುವಂಥ ಬಿಳಿ ನೊರೆ ಎದ್ದಿತ್ತು. ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ದಿಂಡು ಸಾಲಿನ ನೀರನ್ನು ಮೇಲಕ್ಕೆಳೆಯುತ್ತಿತ್ತು; ನೀರು ಬಿಸಿಲಿಗೆ ಆರಿ, ಹೊತ್ತು ತಂದ ಉಪ್ಪನ್ನೆಲ್ಲ ನೆತ್ತಿಯಲ್ಲಿ ಬಿಟ್ಟುಹೋಗುತ್ತಿತ್ತು. ತಲೆತಲಾಂತರದಿಂದ ಬೀಜ ಊರುತ್ತಿದ್ದದ್ದು ಅದೇ ನೆತ್ತಿಯಲ್ಲಿ. ಗಿಡದ ಬುಡ ನೆನೆದು ಕೊಳೆಯದಿರಲಿ ಎಂದು ಅವಳ ತಂದೆಯೂ ಅಲ್ಲೇ ಊರಿಸುತ್ತಿದ್ದ. ತಂದೆಯ ನೀರು ಸಿಹಿಯಾಗಿತ್ತು.

ಮತ್ತೆ ಬಟ್ಟಲುಗಳು ಇಳಿದವು. ನೆತ್ತಿಯ ಮಣ್ಣಿನಲ್ಲಿ ಒಂದು ಮೊಳಕೆ. ನೆತ್ತಿಯಿಂದ ಒಂದು ಅಂಗೈ ಕೆಳಗೆ, ದಿಂಡಿನ ಹೆಗಲಿನ ಮಣ್ಣಿನಲ್ಲಿ ಹದಿನಾರು.

ಅರ್ಜಾಯಿಮ್ ಮತ್ತೆ ಮತ್ತೆ ಎಣಿಸಿದಳು. ಸೊಸೆಗೂ ಎಣಿಸಲು ಹೇಳಿದಳು. ಆಮೇಲೆ ಹುಡುಗಿಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟಳು.

ಬಿತ್ತನೆಯ ದಿನ ತುದಿಯ ಹನ್ನೊಂದು ಮನೆಗಳವರೂ ಹೊಲದ ಅಂಚಿನಲ್ಲಿ ನೆರೆದರು. ಹಿಂದೆ ಮೊದಲ ಉಳುಮೆಗೆ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚುತ್ತಿದ್ದರು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅದರ ಎರಡು ದೀಪಗಳಿಗೆ ಹಚ್ಚುತ್ತಾರೆ. ಓತೆನ್ಯಾಜ್ ಎಣ್ಣೆ ಹಚ್ಚಿ, ಮದುಮಗನ ಹಾಗೆ ಮೀಸೆ ತಿರುವಿಕೊಂಡು ಕೂತಿದ್ದ. ಸಾರ್ಸೆನ್‌ಬಾಯ್ ಕೂಡ ಬಂದಿದ್ದ. ಎಲ್ಲರೂ ಅರ್ಜಾಯಿಮ್ ಮಣ್ಣು ಬಾಯಿಗಿಡುವುದನ್ನು ಕಾಯುತ್ತಿದ್ದರು.

ಅವಳು ಮುಂದೆ ಬಂದಳು.

"ನನ್ನ ನಾಲಿಗೆ ಸತ್ತಿದೆ" ಎಂದಳು. "ಎರಡು ವರ್ಷ ಬೀಜ ಕೆಟ್ಟಿರಲಿಲ್ಲ, ಚಳಿಯೂ ಹೆಚ್ಚಿರಲಿಲ್ಲ. ಕೆಟ್ಟದ್ದು ನಾನು. ಬಾವಿ ನೀರು ಕುಡಿದು ಕುಡಿದು ನನಗೆ ಉಪ್ಪು ತಿಳಿಯದ ಹಾಗಾಗಿದೆ. ನಿಮಗೂ ಅಷ್ಟೇ. ನಿಮಗೆ ಗೊತ್ತಿಲ್ಲ, ನನಗೆ ಈಗ ಗೊತ್ತಾಗಿದೆ."

ಸಾರ್ಸೆನ್‌ಬಾಯ್ ಕೇಳಿದ. "ಹಾಗಾದ್ರೆ ಬಿತ್ತು ಅಂತ ಹೇಳೋರು ಯಾರು ಅಪಾ?"

ಅವಳು ಸೊಸೆಯ ಕೈಯಿಂದ ಎರಡು ಬಟ್ಟಲು ತೆಗೆದುಕೊಂಡು ಎತ್ತಿ ಹಿಡಿದಳು. ಒಂದರಲ್ಲಿ ಬರೀ ಮಣ್ಣು, ಒಂಟಿ ಮೊಳಕೆ. ಇನ್ನೊಂದರಲ್ಲಿ ಹಸಿರು ತುಂಬಿತ್ತು. "ಎರಡೂ ಒಂದೇ ದಿಂಡಿನ ಮಣ್ಣು. ಇದು ನೆತ್ತಿ, ಇದು ಹೆಗಲು. ಬೀಜಾನೇ ಹೇಳಿದೆ. ಇವತ್ತು ಯಾರೂ ನೆತ್ತಿ ಮುಟ್ಟಬಾರದು. ಪ್ರತಿ ಕಾಳೂ ಹೆಗಲಲ್ಲೇ, ನೀರು ಮುಟ್ಟೋ ಗೆರೆಗಿಂತ ಎರಡು ಬೆರಳು ಮೇಲೆ."

"ಅಷ್ಟು ದೊಡ್ಡ ಹೊಲ, ಯಂತ್ರಕ್ಕೆ ಹೆಗಲು ಗೊತ್ತಾಗಲ್ವಲ್ಲ" ಎಂದಿತು ಹಿಂದಿನಿಂದ ಒಂದು ದನಿ.

"ಯಂತ್ರಕ್ಕೆ ಗೊತ್ತಾಗಲ್ಲ, ನಿಮ್ಮ ಕೈಗೆ ಗೊತ್ತಾಗುತ್ತೆ. ಬಗ್ಗೋಕೆ ಸೊಂಟ ಇಲ್ಲದೋರು ಈಗಲೇ ಮನೆಗೆ ಹೋಗಿ."

ಟ್ರ್ಯಾಕ್ಟರಿನ ಮೇಲಿಂದ ಓತೆನ್ಯಾಜ್ ಕೂಗಿದ. "ನಾಲಿಗೆ ಸತ್ತಿದೆ ಅಂದ್ಲಲ್ಲ, ಕೇಳಿದ್ರಾ? ಎಲ್ಲಿ ಸತ್ತಿದೆ!"

ನಗೆಯ ಅಲೆ ಎದ್ದಿತು. ಯಾರೊಬ್ಬರೂ ಮನೆಗೆ ಹೋಗಲಿಲ್ಲ. "ಬಿಸ್ಮಿಲ್ಲಾ" ಎಂದು ಅರ್ಜಾಯಿಮ್ ಮೊದಲ ಕಾಳು ಊರಿದಳು. ನಾಲ್ಕು ದಿನ ಹನ್ನೊಂದು ಮನೆಗಳ ಹೆಂಗಸರು ಗಂಡಸರು ಬೆರಳಿನಿಂದ ಬಿತ್ತಿದರು. ದಿಂಡಿನ ಎರಡೂ ಹೆಗಲಿಗೆ, ಸಾಲಿನಿಂದ ಸಾಲಿಗೆ. ಐದನೆಯ ದಿನ ಬಿತ್ತನೆಯ ನೀರು ಹರಿಯಿತು.

ಆಮೇಲಿನ ದಿನಗಳಲ್ಲಿ ಅರ್ಜಾಯಿಮ್ ಹೊಲಕ್ಕೆ ಹೋಗಲಿಲ್ಲ. ಹೆದರಿದ್ದಳು. ಕಿಟಕಿಯಿಂದ ನೋಡಿದರೆ ದಿಂಡುಗಳ ನೆತ್ತಿಗಳು ದಿನದಿನಕ್ಕೆ ಬೆಳ್ಳಗಾಗುತ್ತಿದ್ದವು, ಹಿಮ ಬಿದ್ದ ಹಾಗೆ. ಬಿತ್ತನೆ ಮುಗಿದ ಒಂಬತ್ತನೆಯ ಬೆಳಿಗ್ಗೆ ಶಿನಾರ್ ಸೆಗಣಿ ಬುಟ್ಟಿಯನ್ನು ದಾರಿಯಲ್ಲೇ ಎಸೆದು ಓಡಿ ಬಂದಳು. ಹೊಸ ಸೊಸೆ ದನಿ ಎತ್ತಬಾರದೆಂಬುದು ಮರೆತೇಹೋಗಿತ್ತು.

"ಅಪಾ! ಅಪಾ! ಬನ್ನಿ!"

ಹನ್ನೆರಡನೆಯ ದಿನ ಸಾರ್ಸೆನ್‌ಬಾಯ್ ಮಾತಿಗೆ ತಪ್ಪದೆ ಬಂದ. ಕಾರು ರಸ್ತೆಯಲ್ಲೇ ನಿಂತಿತು. ಗಾಜು ಇಳಿಸಿ ನೋಡಿದ. ಅಕ್-ಜೇರ್ ಕಣ್ಣು ಹಾಯುವವರೆಗೂ ಬೆಳ್ಳಗೆ, ಹೆಸರಿಗೆ ತಕ್ಕಂತೆ ಹಾಸಿಕೊಂಡಿತ್ತು. ಹೆಗಲಿನ ಉಪಾಯವೂ ಕೈಕೊಟ್ಟಿತೆಂದುಕೊಂಡು ಅವನು ನಿಟ್ಟುಸಿರಿಟ್ಟು ಹಿಂದಿನ ಸೀಟಿನಿಂದ ಮುಷ್ಟಿಗಾತ್ರದ ಬೀಗ ತೆಗೆದುಕೊಂಡು ಇಳಿದ. ಹನ್ನೊಂದು ಮನೆಗಳವರು ಅಂಚಿನಲ್ಲಿ ಸುಮ್ಮನೆ ನಿಂತಿದ್ದರು. ಕೆಲವರು ಮೇಲೆ ನೋಡುತ್ತಿದ್ದರು, ಕೆಲವರು ತುಟಿ ಕಚ್ಚಿದ್ದರು.

"ಅಪಾ, ನನ್ನ ಮೇಲೆ ಸಿಟ್ಟು ಬೇಡ. ನನಗೂ ಕಣ್ಣಿದೆ, ಮೇಲಿನವರಿಗೂ ಕಣ್ಣಿದೆ."

"ಕಣ್ಣಿದೆ, ಸರಿ. ಸೊಂಟ ಇದೆಯಾ?"

"ಏನು?"

"ರಸ್ತೆ ಮೇಲೆ ನಿಂತು ಹೊಲ ನೋಡೋನು ಅಧ್ಯಕ್ಷನಾ? ಇಳಿ ಸಾಲಿಗೆ. ಬಗ್ಗು. ಇನ್ನೂ ಬಗ್ಗು, ಹೊಟ್ಟೆ ಅಡ್ಡ ಬಂದ್ರೆ ಕೂತ್ಕೋ."

ಸಾರ್ಸೆನ್‌ಬಾಯ್ ದಪ್ಪ ಆಳು. ಪ್ಯಾಂಟು ಮೇಲೆಳೆದುಕೊಂಡು ಸಾಲಿನೊಳಗೆ ಇಳಿದು ಕೂತ. ಬಿಳಿಯ ನೆತ್ತಿಗಳು ಅವನ ಕಣ್ಣಿನ ಮಟ್ಟಕ್ಕೆ ಬಂದವು. ಅವನ ಎಡಕ್ಕೂ ಬಲಕ್ಕೂ, ನೆತ್ತಿಗಳ ಮರೆಯಲ್ಲಿ, ದಿಂಡಿನ ಎರಡು ಹೆಗಲುಗಳ ಮೇಲೆ, ಜೋಳದ ಮೊಳಕೆಗಳು ಸಾಲುಗಟ್ಟಿ ನಿಂತಿದ್ದವು. ಬೆರಳುದ್ದದ, ಎರಡೆಲೆ ಬಿಡಿಸಿದ, ಬೆಳಗಿನ ಬಿಸಿಲಲ್ಲಿ ಒಳಗಿನಿಂದಲೇ ಹೊಳೆಯುವ ಹಸಿರು. ಸಾಲು ನೇರವಾಗಿ ಹೊಲದ ಆಚೆ ತುದಿಯವರೆಗೆ ಹೋಗುತ್ತಿತ್ತು. ಹಸಿರೂ ಅದರೊಂದಿಗೆ ಹೋಗುತ್ತಿತ್ತು. ಅವನು ಕತ್ತು ಚಾಚಿ ಪಕ್ಕದ ಸಾಲು ನೋಡಿದ. ಅಲ್ಲೂ ಇತ್ತು. ಎದ್ದು ನಾಲ್ಕು ಸಾಲು ದಾಟಿ ಮತ್ತೆ ಕೂತ. ಅಲ್ಲೂ ಇತ್ತು.

"ಅಯ್ಯೋ ದೇವರೇ," ಎಂದ. "ಅಡಗಿಸಿಟ್ಟಿದ್ದೀರಿ!"

ಅಷ್ಟರವರೆಗೆ ತಡೆದಿದ್ದ ಹನ್ನೊಂದು ಮನೆಗಳ ನಗೆ ಒಮ್ಮೆಲೇ ಸಿಡಿಯಿತು. ಹೆಂಗಸರು ಕೂಗಿದರು, ಯಾರೋ ಟೋಪಿ ಹಾರಿಸಿದರು, ಓತೆನ್ಯಾಜ್ ಟ್ರ್ಯಾಕ್ಟರಿನ ಹಾರ್ನ್ ಒತ್ತಿದವನು ಬಿಡಲೇ ಇಲ್ಲ. ಸಾರ್ಸೆನ್‌ಬಾಯ್ ಸಾಲಿನಿಂದ ಏಳಲಾಗದೆ ಕೈ ಚಾಚಿದ. ಅರ್ಜಾಯಿಮ್ ಆ ಕೈಯಿಂದ ಮೊದಲು ಬೀಗ ತೆಗೆದುಕೊಂಡು, ಆಮೇಲೆ ಅವನನ್ನು ಎಳೆದು ಎಬ್ಬಿಸಿದಳು.

"ಬೀಗ ನನಗಿರಲಿ. ನರಿ ಬಂದು ಕೋಳಿ ಒಯ್ತಿದೆ."

ಆ ವರ್ಷ ಕೊನೆಯ ತೂಬು ಮುಚ್ಚಲಿಲ್ಲ. ಶರತ್ಕಾಲದಲ್ಲಿ ಅಕ್-ಜೇರ್‌ನ ಜೋಳ ಕುದುರೆ ಸವಾರನನ್ನು ಮರೆಮಾಡುವಷ್ಟು ಎತ್ತರ ನಿಂತು, ಹಂಸದ ಕತ್ತಿನಂತೆ ತೆನೆ ಬಾಗಿಸಿತು. ಹನ್ನೊಂದು ಒಲೆಗಳಲ್ಲಿ ಜೋಳದ ರೊಟ್ಟಿ ಬೆಂದವು. ಮೊದಲ ರೊಟ್ಟಿಯನ್ನು ಅರ್ಜಾಯಿಮ್ ನಾಲ್ಕಾಗಿ ಮುರಿದು, ಬಿಸಿಯಾದ ತುಂಡನ್ನು ಸೊಸೆಯ ಬಾಯಿಗಿಟ್ಟಳು.

ಈಗ ಆ ಕಡೆ ವಸಂತ ಬಂತೆಂದರೆ ಯಾರ ಮನೆಯಲ್ಲೂ ಚಹಾಕ್ಕೆ ಬಟ್ಟಲು ಸಿಗುವುದಿಲ್ಲ. ಒಲೆಯ ಪಕ್ಕ, ಕಿಟಕಿಯ ಹಲಗೆಯ ಮೇಲೆ, ತೊಟ್ಟಿಲಿನ ಕೆಳಗೆ ಕೂಡ, ಮಣ್ಣು ತುಂಬಿದ ಬಟ್ಟಲುಗಳು ಕಂಬಳಿ ಹೊದ್ದು ಮಲಗಿರುತ್ತವೆ. ಮೇಲಿನ ಊರುಗಳವರೂ ಬಂದು ಕಲಿತು ಹೋಗಿದ್ದಾರೆ. ಗಂಡಸರು ಲೋಟದಲ್ಲಿ, ಡಬ್ಬಿಯಲ್ಲಿ ಚಹಾ ಕುಡಿಯುತ್ತ ಗೊಣಗುತ್ತಾರೆ.

ಶಿನಾರ್ ಸೊಸೆಯಾಗಿ ಬಂದು ನಾಲ್ಕು ವರ್ಷ ತುಂಬಿದ ವಸಂತದ ಒಂದು ಬೆಳಿಗ್ಗೆ ಅವಳು ಚಹಾ ಸುರಿದು, ಒಂದು ಗುಟುಕು ಕುಡಿದು, ಯಾವುದೋ ಮಾತಿನ ನಡುವೆ ಉಪ್ಪಿನ ಡಬ್ಬಿಗೆ ಕೈ ಹಾಕಿ ಒಂದು ಚಿಟಿಕೆ ಹಾಕಿಕೊಂಡಳು. ಅರ್ಜಾಯಿಮ್ ಅದನ್ನು ನೋಡಿದಳು. ಸೊಸೆ ಅತ್ತೆಯ ನೋಟ ಹಿಡಿದು, ತನ್ನ ಕೈ ನೋಡಿಕೊಂಡು, ತಬ್ಬಿಬ್ಬಾದಳು.

"ಬಂತಾ ನಮ್ಮ ನಾಲಿಗೆ?" ಎಂದಳು ಅರ್ಜಾಯಿಮ್.

"ಬಂತು ಅಪಾ."

ಇಬ್ಬರೂ ನಗತೊಡಗಿದರು. ನಗುತ್ತಲೇ ಅರ್ಜಾಯಿಮ್ ಒಲೆಯ ಬಳಿ ಸರಿದು ಕಂಬಳಿಯ ಅಂಚು ಎತ್ತಿದಳು. ಮೊದಲ ಬಟ್ಟಲಿನಲ್ಲಿ ಹದಿನೇಳು ಮೊಳಕೆ ತಲೆ ಎತ್ತಿದ್ದವು.